ಬೆಂಗಳೂರು, ಮುಂಬೈ, ಸಿಂಗಾಪುರ: ನಮ್ಮ ಜಿಲ್ಲೆಯ ಆ್ಯಪಿಗೆ ಯಾವ ಕ್ಲೌಡ್?

ಉತ್ತರ ಕನ್ನಡದ ಶಿರಸಿ ಪೇಟೆಯ ಅಡಿಕೆ ದರ ತೋರಿಸುವ ಆ್ಯಪನ್ನು ಬೆಳಗಿನಿಂದ ತೆರೆಯುವವರು ಕಡಿಮೆ. ಟೆಂಡರ್ ಮುಗಿದು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಬಗೆಗಳ ದರ ಹೊರಬಿದ್ದ ಮೇಲೆ ಎರಡು ತಾಸು ಜನ ಮುಗಿಬೀಳುತ್ತಾರೆ, ಆಮೇಲೆ ಮರುದಿನದವರೆಗೆ ಸದ್ದಿಲ್ಲ. ಗೋಕರ್ಣದ ಹೋಮ್‌ಸ್ಟೇ ಬುಕಿಂಗಿಗೆ ಡಿಸೆಂಬರ್ ಕೊನೆಯ ವಾರ ಮತ್ತು ಶಿವರಾತ್ರಿಯಲ್ಲಿ ಪುರುಸೊತ್ತಿರುವುದಿಲ್ಲ, ಆಷಾಢದ ಮಳೆಯಲ್ಲಿ ಕೇಳುವವರಿರುವುದಿಲ್ಲ. ಕಾರವಾರದ ಬೈತಖೋಲ ಬಂದರಿನ ದೋಣಿಗಳ ಲೆಕ್ಕ ಇಡುವ ಆ್ಯಪಾದರೆ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ, ಹೆಚ್ಚುಕಡಿಮೆ ಖಾಲಿಯೇ.

ಮೂರೂ ಆ್ಯಪುಗಳ ಕೋಡ್ ಒಂದೇ ತರಹ ಇರಬಹುದು, ಹೊರೆ ಒಂದೇ ತರಹ ಇಲ್ಲ. ಆದ್ದರಿಂದ ಕ್ಲೌಡ್, ಅಂದರೆ ಆ್ಯಪ್ ಓಡಿಸಲು ಬಾಡಿಗೆಗೆ ಸಿಗುವ ಕಂಪ್ಯೂಟರ್, ಆರಿಸುವಾಗ ಕಂಪನಿಯವರ ಸೌಲಭ್ಯಗಳ ಪಟ್ಟಿ ಓದುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು. ಡೇಟಾಬೇಸ್, ಅಂದರೆ ಆ್ಯಪಿನ ಮಾಹಿತಿ ಉಳಿಯುವ ಕಣಜ, ಯಾವ ಊರಿನಲ್ಲಿ ಇರುತ್ತದೆ? ಜನ ಬಾರದ ದಿನಕ್ಕೂ ಬಾಡಿಗೆ ಕಟ್ಟಬೇಕೇ? ಈ ವಿಮರ್ಶೆ ಅದೇ ಎರಡು ಪ್ರಶ್ನೆಯ ಮೇಲೆ ನಿಂತಿದೆ. ಒಬ್ಬರೋ ಇಬ್ಬರೋ ಸೇರಿ ಜಾಂಗೋ, ಲಾರಾವೆಲ್, ನೋಡ್ ಎಂಬ ತಂತ್ರಾಂಶ ಸಲಕರಣೆಗಳಲ್ಲಿ ಸಣ್ಣ ಆ್ಯಪ್ ಕಟ್ಟುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬೆಲೆಗಳೆಲ್ಲ ಡಾಲರಿನಲ್ಲಿ, ತೆರಿಗೆ ಬಿಟ್ಟು; ಕಂಪನಿಗಳು ಆಗಾಗ ಬದಲಾಯಿಸುತ್ತಿರುತ್ತವೆ, ಕಾರ್ಡ್ ಕೊಡುವ ಮೊದಲು ಅವರ ಬೆಲೆಪುಟ ತೆರೆದು ನೋಡಿ.

ಮೊದಲು ದೂರದ ಮಾತು

ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಕೇಳಲು ಬಹಳ ವೇಗ. ಆದರೆ ಅಮೆರಿಕದ ವರ್ಜೀನಿಯಾಕ್ಕೆ ಹೋಗಿ ಬರುವ ಹೊತ್ತಿಗೆ ಕೇಬಲಿನ ಸುತ್ತುಬಳಸು ಸೇರಿ 200 ಮಿಲಿಸೆಕೆಂಡ್ ದಾಟುತ್ತದೆ. ಸಿಂಗಾಪುರಕ್ಕೆ ಮುಂಬೈಯಿಂದ ಹೋಗಿಬರಲು ಸುಮಾರು 60. ಫೋನಿನಿಂದ ಹೊಸದಾಗಿ ಒಂದು ಸಂಪರ್ಕ ತೆರೆಯಬೇಕಾದರೆ ಸಂಪರ್ಕ ಜೋಡಿಸುವ ಟಿಸಿಪಿಗೆ ಒಂದು ಸುತ್ತು, ಅದನ್ನು ಗುಪ್ತಗೊಳಿಸುವ ಟಿಎಲ್‌ಎಸ್ 1.3ಕ್ಕೆ ಒಂದು ಸುತ್ತು, ಕೋರಿಕೆ ಮತ್ತು ಉತ್ತರಕ್ಕೆ ಇನ್ನೊಂದು. ವರ್ಜೀನಿಯಾದ ಸರ್ವರ್ ಆದರೆ ಮೊದಲ ಅಕ್ಷರ ಬರುವಷ್ಟರಲ್ಲಿ ಮುಕ್ಕಾಲು ಸೆಕೆಂಡಿನ ಹತ್ತಿರ ಹೋಗಿರುತ್ತದೆ. ಇದು ಒಳ್ಳೆಯ ಸಿಗ್ನಲ್ ಇದ್ದಾಗಿನ ಲೆಕ್ಕ; ಸಿದ್ದಾಪುರ, ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಟವರ್ ತನಕ ಮುಟ್ಟುವುದೇ ಬೇರೆ ಸಾಹಸ.

ಆದರೂ ಬಳಸುವವರಿಂದ ಸರ್ವರಿಗಿರುವ ದೂರ ದೊಡ್ಡ ತಪ್ಪಲ್ಲ, ಅದನ್ನು ಹೇಗೋ ಸಹಿಸಬಹುದು. ಸಹಿಸಲಾಗದ್ದು ಸರ್ವರಿನಿಂದ ಡೇಟಾಬೇಸಿಗಿರುವ ದೂರ. ಆ್ಯಪ್ ರೆಂಡರ್ ಎಂಬ ಕಂಪನಿಯ ಸಿಂಗಾಪುರದಲ್ಲಿ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸುಪಾಬೇಸ್ ಕಂಪನಿಯ ಮುಂಬೈಯಲ್ಲಿ: ಇಂಥ ಜೋಡಣೆ ಹೊಸಬರಲ್ಲಿ ಬಹಳ ಸಾಮಾನ್ಯ, ಯಾಕೆಂದರೆ ಎರಡೂ ಕಡೆ ಉಚಿತ ಖಾತೆ ಸಿಗುತ್ತದೆ. ಬುಕಿಂಗ್ ಪುಟವೊಂದು 25 ಕ್ವೆರಿಗಳನ್ನು (ಡೇಟಾಬೇಸಿಗೆ ಹಾಕುವ ಪ್ರಶ್ನೆಗಳನ್ನು) ಒಂದಾದ ಮೇಲೊಂದು ಕೇಳಿದರೆ 25 ಗುಣಿಸು 60, ಒಂದೂವರೆ ಸೆಕೆಂಡ್ ಬರೀ ದಾರಿಯಲ್ಲೇ ಕಳೆಯುತ್ತದೆ. ಎರಡೂ ಒಂದೇ ರೀಜನ್‌ನಲ್ಲಿ, ಅಂದರೆ ಒಂದೇ ಊರಿನ ಕೇಂದ್ರದಲ್ಲಿ, ಇದ್ದರೆ ಅದೇ ಕೆಲಸ ಕೆಲವು ಹತ್ತು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಕೋಡ್ ನಿಧಾನ ಎಂದು ಕ್ಯಾಶ್ (ಉತ್ತರಗಳ ತಾತ್ಕಾಲಿಕ ಪ್ರತಿ) ಸೇರಿಸುತ್ತಾ ಕೂರುವ ಮುಂಚೆ ಎರಡೂ ಯಾವ ಊರಿನಲ್ಲಿವೆ ನೋಡಿ. ಬೆಂಗಳೂರೋ ಮುಂಬೈಯೋ ಎಂಬ ಚರ್ಚೆಯಲ್ಲಿ ಮಾತ್ರ ತಲೆಕೆಡಿಸಿಕೊಳ್ಳಬೇಡಿ, ಅದು ಕೆಲವೇ ಮಿಲಿಸೆಕೆಂಡಿನ ವಿಷಯ.

ಭಾರತದಲ್ಲಿ ಯಾರು ಯಾರು ಇದ್ದಾರೆ ಎಂದು ನೋಡಿದರೆ, ಅಮೆಜಾನಿನ ಎಡಬ್ಲ್ಯುಎಸ್ 2016ರಿಂದ ಮುಂಬೈಯಲ್ಲಿ, 2022ರಿಂದ ಹೈದರಾಬಾದಿನಲ್ಲೂ ಇದೆ. ಗೂಗಲ್ ಕ್ಲೌಡ್ 2017ರಿಂದ ಮುಂಬೈ, 2021ರಿಂದ ದೆಹಲಿ. ಮೈಕ್ರೋಸಾಫ್ಟಿನ ಅಜೂರ್ 2015ರಿಂದಲೇ ಪುಣೆ, ಚೆನ್ನೈ, ಮುಂಬೈ. ಡಿಜಿಟಲ್‌ಓಷನ್ ಬೆಂಗಳೂರು. ವಲ್ಟರ್ ಮುಂಬೈ, ದೆಹಲಿ, ಬೆಂಗಳೂರು. ಹಳೆಯ ಲಿನೋಡ್, ಈಗಿನ ಅಕಾಮೈ, ಮುಂಬೈ ಮತ್ತು ಚೆನ್ನೈ. ರೆಂಡರ್ ಮತ್ತು ರೈಲ್ವೇ ಎಂಬ ಕ್ಲೌಡ್ ಕಂಪನಿಗಳಲ್ಲಿ ನಮಗೆ ಹತ್ತಿರದ್ದೆಂದರೆ ಸಿಂಗಾಪುರ. ಹೆರೋಕುವಿನ ಸಾಮಾನ್ಯ ಖಾತೆಗಂತೂ ಅಮೆರಿಕ ಅಥವಾ ಯುರೋಪ್, ಬೇರೆ ಆಯ್ಕೆಯೇ ಇಲ್ಲ.

ಡಿಜಿಟಲ್‌ಓಷನ್, ಬೆಂಗಳೂರು

ವರ್ಷವಿಡೀ ಒಂದೇ ಸಮ ನಡೆಯುವ ಸಣ್ಣ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ ಇದೇ. 1 ಜಿಬಿ ಮೆಮೊರಿ, 25 ಜಿಬಿ ಡಿಸ್ಕ್, ತಿಂಗಳಿಗೆ 1000 ಜಿಬಿ ಹೊರಹೋಗುವ ಡೇಟಾ ಸೇರಿ 6 ಡಾಲರ್. 2 ಜಿಬಿಯದ್ದು 12 ಡಾಲರ್. ಮಿತಿ ಮೀರಿದರೆ ಜಿಬಿಗೆ 1 ಸೆಂಟ್. ಬಿಲ್ಲು ತಿಂಗಳು ತಿಂಗಳು ಒಂದೇ ಬರುತ್ತದೆ ಎಂಬುದೇ ಇದರ ದೊಡ್ಡ ಗುಣ. ಸಹಕಾರಿ ಸಂಘವೊಂದಕ್ಕೆ ಅಂದಾಜು ಪಟ್ಟಿ ಕೊಡಬೇಕಾದಾಗ ಈ ಗುಣದ ಬೆಲೆ ಗೊತ್ತಾಗುತ್ತದೆ. ಇನ್ನೊಂದು ಅನುಕೂಲ ಸ್ಥಿರ ಐಪಿ, ಅಂದರೆ ಬದಲಾಗದ ಇಂಟರ್‌ನೆಟ್ ವಿಳಾಸ. ಬ್ಯಾಂಕಿನವರು ಅಥವಾ ಪಾವತಿ ಸಂಸ್ಥೆಯವರು "ನಿಮ್ಮ ಸರ್ವರಿನ ಐಪಿ ಕೊಡಿ, ಅದರಿಂದ ಬಂದದ್ದನ್ನು ಮಾತ್ರ ಬಿಡುತ್ತೇವೆ" ಎಂದರೆ ಕೊಡಲು ಒಂದು ವಿಳಾಸ ಇರುತ್ತದೆ.

ಆದರೆ ಇಲ್ಲಿ ಯಂತ್ರ ನಿಮ್ಮದು, ಅದರ ಮನೆಗೆಲಸವೂ ನಿಮ್ಮದೇ. ಎಲ್ಲಿ ಕೈಕೊಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು.

1 ಜಿಬಿ ಯಂತ್ರದಲ್ಲಿ ನೋಡ್ ಬಿಲ್ಡ್ ಮಾಡಲು (ಕೋಡನ್ನು ಓಡುವ ರೂಪಕ್ಕೆ ಕಟ್ಟಲು) ಹೋದರೆ ಮೆಮೊರಿ ಸಾಲದೆ ಕರ್ನಲ್, ಅಂದರೆ ಯಂತ್ರದ ಮೂಲ ತಂತ್ರಾಂಶ, ಆ ಪ್ರೋಸೆಸ್ಸನ್ನು ಕೊಲ್ಲುತ್ತದೆ. ಆ್ಯಪನ್ನು ಕಂಟೇನರ್ ಎಂಬ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಡಾಕರ್‌ನಲ್ಲಿ ಇದು 137 ಎಂಬ ಸಂಖ್ಯೆಯಾಗಿ ಕಾಣುತ್ತದೆ, ಬೇರೆ ವಿವರಣೆ ಇರುವುದಿಲ್ಲ. 2 ಜಿಬಿ ಸ್ವಾಪ್ ಫೈಲ್ (ಮೆಮೊರಿಯಂತೆ ಬಳಸುವ ಡಿಸ್ಕಿನ ಜಾಗ) ಹಾಕಿದರೆ ತಾತ್ಕಾಲಿಕವಾಗಿ ದಾಟಬಹುದು. ಸರಿಯಾದ ದಾರಿಯೆಂದರೆ ಇಮೇಜನ್ನು (ಆ ಪೆಟ್ಟಿಗೆಯ ಅಚ್ಚನ್ನು) ಗಿಟ್‌ಹಬ್ ಆ್ಯಕ್ಷನ್ಸ್ ಎಂಬ ಹೊರಗಿನ ಸೇವೆಯಲ್ಲಿ ಕಟ್ಟಿ ಸರ್ವರಿಗೆ ಸಿದ್ಧ ಇಮೇಜ್ ಎಳೆಸುವುದು.

ಎರಡನೆಯದು ಹೆಚ್ಚು ಅಪಾಯದ್ದು. ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್‌ನಲ್ಲಿ 22, 80, 443 ಪೋರ್ಟುಗಳನ್ನು (ಯಂತ್ರದ ಬಾಗಿಲುಗಳನ್ನು) ಮಾತ್ರ ತೆರೆದು ನೆಮ್ಮದಿಯಾಗಿ ಮಲಗುತ್ತೀರಿ. ಆದರೆ ಡಾಕರ್ ತನ್ನ ಪೋರ್ಟ್ ನಿಯಮಗಳನ್ನು ಲಿನಕ್ಸಿನ ಐಪಿಟೇಬಲ್ಸ್ ಎಂಬ ನಿಯಮಪಟ್ಟಿಯಲ್ಲಿ ತಾನೇ ಬರೆಯುತ್ತದೆ, ಯುಎಫ್‌ಡಬ್ಲ್ಯು ಹೇಳಿದ್ದನ್ನು ಕೇಳುವುದಿಲ್ಲ. ಡಾಕರ್‌ನ ಕಂಪೋಸ್ ಫೈಲಿನಲ್ಲಿ ಪೋಸ್ಟ್‌ಗ್ರೆಸ್‌ನ 5432 ಪೋರ್ಟನ್ನು ಹೊರಗೆ ಪ್ರಕಟಿಸಿದ್ದರೆ ಅದು ಇಡೀ ಜಗತ್ತಿಗೆ ತೆರೆದಿರುತ್ತದೆ. ಆ ಸಾಲನ್ನು ತೆಗೆಯಿರಿ. ಬೇಕೇ ಬೇಕಾದರೆ 127.0.0.1ಕ್ಕೆ (ಯಂತ್ರದ ಒಳಗಿನ ವಿಳಾಸಕ್ಕೆ) ಮಾತ್ರ ಕಟ್ಟಿ. ಅದರ ಮೇಲೆ ಡಿಜಿಟಲ್‌ಓಷನ್‌ನ ಕ್ಲೌಡ್ ಫೈರ್‌ವಾಲ್ ಹಾಕಿ. ಅದು ಯಂತ್ರದ ಹೊರಗೆ ಇರುವುದರಿಂದ ಡಾಕರ್ ಅದನ್ನು ದಾಟಲಾರದು, ದುಡ್ಡೂ ಇಲ್ಲ.

ಮೂರನೆಯದು ಡಿಸ್ಕ್. ಡಾಕರ್ ತನ್ನ ಲಾಗ್ ಫೈಲಿಗೆ ತಾನಾಗಿ ಮಿತಿ ಹಾಕುವುದಿಲ್ಲ. ನಾಲ್ಕಾರು ತಿಂಗಳಲ್ಲಿ 25 ಜಿಬಿ ತುಂಬಿ, ಬರೆಯಲು ಜಾಗವಿಲ್ಲದೆ ಪೋಸ್ಟ್‌ಗ್ರೆಸ್ ನಿಲ್ಲುತ್ತದೆ. ಮೊದಲ ದಿನವೇ ಒಂದು ಫೈಲಿಗೆ 10 ಎಂಬಿ, ಒಟ್ಟು 3 ಫೈಲ್ ಎಂದು ಮಿತಿ ಬರೆಯಿರಿ. ಹಾಗೆಯೇ ಸೈಟಿನ ಸಂಪರ್ಕ ಸುರಕ್ಷಿತ ಎಂದು ತೋರಿಸುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ 90 ದಿನದ್ದು. "80 ಯಾಕೆ, 443 ಸಾಕಲ್ಲ" ಎಂದು 80ನೇ ಪೋರ್ಟ್ ಮುಚ್ಚಿದರೆ ಅದನ್ನು ತಾನಾಗಿ ಹೊಸತು ಮಾಡುವ ಸರ್ಟ್‌ಬಾಟ್‌ನ ಸಾಮಾನ್ಯ ನವೀಕರಣ ಸೋಲುತ್ತದೆ, ಸರಿಯಾಗಿ ಮೂರು ತಿಂಗಳಿಗೆ ಸೈಟ್ ಕೆಂಪು ಎಚ್ಚರಿಕೆ ತೋರಿಸುತ್ತದೆ. ಮೇಲ್ ಕಳಿಸುವ 25, 465, 587 ಪೋರ್ಟುಗಳನ್ನು ಡ್ರಾಪ್ಲೆಟ್ಟಿನಲ್ಲಿ (ಡಿಜಿಟಲ್‌ಓಷನ್‌ನ ಬಾಡಿಗೆ ಯಂತ್ರದಲ್ಲಿ) ಮುಚ್ಚಿಟ್ಟಿರುತ್ತಾರೆ, ಆದ್ದರಿಂದ ಬುಕಿಂಗ್ ಖಚಿತಪಡಿಸುವ ಮೇಲ್‌ಗೆ ಎಚ್‌ಟಿಟಿಪಿ ಮೂಲಕ ಕಳಿಸುವ ಸೇವೆಯನ್ನೇ ಬಳಸಬೇಕು.

ಈ ಮನೆಗೆಲಸ ಬೇಡ ಎನ್ನುವವರಿಗೆ ಅವರದೇ ಆ್ಯಪ್ ಪ್ಲಾಟ್‌ಫಾರ್ಮ್ ಬೆಂಗಳೂರಿನಲ್ಲೇ ಸಿಗುತ್ತದೆ. ಕೋಡನ್ನು ಗಿಟ್‌ಗೆ ಪುಶ್ ಮಾಡಿದರೆ ಡಿಪ್ಲಾಯ್ ಆಗುತ್ತದೆ (ಆ್ಯಪ್ ಸರ್ವರಿಗೇರುತ್ತದೆ), ಜೊತೆಗೆ ನಿರ್ವಹಿತ (ಕಂಪನಿಯೇ ನೋಡಿಕೊಳ್ಳುವ) ಪೋಸ್ಟ್‌ಗ್ರೆಸ್ 15 ಡಾಲರಿನಿಂದ. ರೆಂಡರ್‌ನ ಸುಖ ಬೇಕು, ಡೇಟಾ ಭಾರತದಲ್ಲೇ ಇರಬೇಕು ಎಂದಾದರೆ ಇದಕ್ಕಿಂತ ಸರಳ ದಾರಿ ಕಾಣುವುದಿಲ್ಲ. ಒಂದು ಎಚ್ಚರಿಕೆ: 1 ಜಿಬಿಯ ಆ ಪೋಸ್ಟ್‌ಗ್ರೆಸ್ ನಿಮಗೆ ಕೊಡುವುದು 22 ಸಂಪರ್ಕ ಮಾತ್ರ. ನಾಲ್ಕು ವರ್ಕರ್ (ಜೊತೆಜೊತೆಗೆ ಓಡುವ ಆ್ಯಪಿನ ಪ್ರತಿ), ಪ್ರತಿಯೊಂದಕ್ಕೂ ಹತ್ತು ಸಂಪರ್ಕಗಳ ಪೂಲ್ ಎಂದು ಬರೆದರೆ ದರ ಹೊರಬೀಳುವ ಹೊತ್ತಿಗೆ ಸರಿಯಾಗಿ ಅದು ಕೈಚೆಲ್ಲುತ್ತದೆ. ಪೂಲನ್ನು 4ಕ್ಕೆ ಇಳಿಸಿ, ಇಲ್ಲವೇ ಸಂಪರ್ಕಗಳನ್ನು ಹಂಚಿಕೊಡಲು ಅವರೇ ಕೊಡುವ ಪಿಜಿಬೌನ್ಸರ್ ಪೂಲ್ ಹಚ್ಚಿ.

ಗೂಗಲ್ ಕ್ಲೌಡ್ ರನ್, ಮುಂಬೈ

ಎರಡು ತಾಸಿನ ನೂಕುನುಗ್ಗಲಿಗೆ ಹೇಳಿ ಮಾಡಿಸಿದ ಸೇವೆ. ನಿಮ್ಮ ಕಂಟೇನರನ್ನು ಕೋರಿಕೆ ಬಂದಾಗ ಎಬ್ಬಿಸುತ್ತದೆ, ಜನ ಹೆಚ್ಚಾದಂತೆ ಪ್ರತಿಗಳನ್ನು ಹೆಚ್ಚಿಸುತ್ತದೆ, ಯಾರೂ ಇಲ್ಲದಾಗ ಸೊನ್ನೆಗೆ ಇಳಿಸುತ್ತದೆ. ತಿಂಗಳಿಗೆ 20 ಲಕ್ಷ ಕೋರಿಕೆ ಉಚಿತ ಮಿತಿಯಲ್ಲೇ ಇದೆ. ಅಡಿಕೆ ದರದಂಥ ಆ್ಯಪಿಗೆ ಕಂಪ್ಯೂಟಿನ ಬಿಲ್ಲು ಕೆಲವೊಮ್ಮೆ ಸೊನ್ನೆಯೇ ಬರಬಹುದು.

ಮೊದಲ ಡಿಪ್ಲಾಯ್ ಸೋಲುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಆ್ಯಪ್ ಕಿವಿಗೊಡಬೇಕಾದ್ದು ಪೋರ್ಟ್ ಎಂಬ ಎನ್ವಿರಾನ್‌ಮೆಂಟ್ ಚರದಲ್ಲಿ ಬರುವ ಸಂಖ್ಯೆಗೆ, ಹೇಳದಿದ್ದರೆ ಅದು 8080, ವಿಳಾಸ 0.0.0.0 ಆಗಿರಬೇಕು, ಲೋಕಲ್‌ಹೋಸ್ಟ್ ಆಗಬಾರದು. ಇನ್ನೊಂದು, ಹೊಸ ಮ್ಯಾಕ್‌ನಲ್ಲಿ ಕಟ್ಟಿದ ಇಮೇಜ್ ಆರ್ಮ್‌ನದ್ದಾಗಿರುತ್ತದೆ; ಬಿಲ್ಡ್ ಮಾಡುವಾಗ ಎಎಮ್‌ಡಿ64 ಎಂದು ಸ್ಪಷ್ಟವಾಗಿ ಹೇಳದಿದ್ದರೆ ಕಂಟೇನರ್ ಏಳುವುದೇ ಇಲ್ಲ.

ಇಲ್ಲಿನ ಸೂಕ್ಷ್ಮ ಏನೆಂದರೆ, ಸಾಮಾನ್ಯ ಹೊಂದಾಣಿಕೆಯಲ್ಲಿ ಸಿಪಿಯು ಪೂರ್ತಿ ಸಿಗುವುದು ಕೋರಿಕೆ ನಡೆಯುತ್ತಿರುವಾಗ ಮಾತ್ರ. "ಬುಕಿಂಗ್ ಆಯಿತು" ಎಂದು ಉತ್ತರ ಕಳಿಸಿ, ಆಮೇಲೆ ಹಿನ್ನೆಲೆಯಲ್ಲಿ ಎಸ್‌ಎಮ್‌ಎಸ್ ಕಳಿಸೋಣ ಎಂದು ಬರೆದ ಕೋಡ್ ಅರ್ಧದಲ್ಲಿ ಹೆಪ್ಪುಗಟ್ಟುತ್ತದೆ. ಪರೀಕ್ಷೆ ಮಾಡುವಾಗ ಒಂದರ ಹಿಂದೆ ಒಂದು ಕೋರಿಕೆ ಹೋಗುತ್ತಿರುವುದರಿಂದ ಇದು ಗೊತ್ತೇ ಆಗುವುದಿಲ್ಲ, ಜನ ಕಡಿಮೆ ಇರುವ ರಾತ್ರಿಯಲ್ಲಿ ಗೊತ್ತಾಗುತ್ತದೆ. ಅಂಥ ಕೆಲಸವನ್ನು ಕ್ಲೌಡ್ ಟಾಸ್ಕ್ಸ್‌ಗೆ ಒಪ್ಪಿಸಿ. ದಿನದ ನಿಗದಿತ ಕೆಲಸಕ್ಕೆ ಕ್ಲೌಡ್ ಶೆಡ್ಯೂಲರ್ ಇದೆ, ಮೂರು ಕೆಲಸದವರೆಗೆ ಉಚಿತ.

ನಿದ್ದೆಯಿಂದ ಏಳುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗೋ ಭಾಷೆಯ ಆ್ಯಪ್ ಕಣ್ಣುಮಿಟುಕಿಸುವಷ್ಟರಲ್ಲಿ ಏಳುತ್ತದೆ, ನೋಡ್ ಮತ್ತು ಪೈಥಾನ್ ಒಂದೆರಡು ಸೆಕೆಂಡ್ ತೆಗೆದುಕೊಳ್ಳುತ್ತವೆ, ಸ್ಪ್ರಿಂಗ್ ಬೂಟ್ ಇನ್ನೂ ಹೆಚ್ಚು. ದರ ಪ್ರಕಟವಾಗುವ ಮೊದಲು ಶೆಡ್ಯೂಲರಿನಿಂದ ಒಂದು ಕೋರಿಕೆ ಕಳಿಸಿ ಎಬ್ಬಿಸಿಟ್ಟರೆ ಮೊದಲ ರೈತ ಕಾಯಬೇಕಿಲ್ಲ. ಪ್ರತಿಗಳ ಗರಿಷ್ಠ ಸಂಖ್ಯೆಯನ್ನೂ ಇಳಿಸಿ. ಒಂದು ಪ್ರತಿ ಒಮ್ಮೆಗೆ 80 ಕೋರಿಕೆ ಹಿಡಿಯುತ್ತದೆ, ಪ್ರತಿಗಳು 100ರವರೆಗೆ ಏರಬಹುದು ಎಂಬುದು ಕಾರ್ಖಾನೆಯಿಂದ ಬಂದ ಹೊಂದಾಣಿಕೆ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಒಪ್ಪುವುದೇ 100 ಸಂಪರ್ಕ. ಗರಿಷ್ಠ 10 ಪ್ರತಿ, ಪ್ರತಿಗೆ 5ರ ಪೂಲ್ ಎಂದರೆ 50ರಲ್ಲಿ ಮುಗಿಯುತ್ತದೆ, 800 ಕೋರಿಕೆ ಒಟ್ಟಿಗೆ ಬಂದರೂ ಸಾಲು ಮುಂದುವರಿಯುತ್ತದೆ.

ಕೊರತೆ ಡೇಟಾಬೇಸಿನಲ್ಲಿದೆ. ಕ್ಲೌಡ್ ಎಸ್‌ಕ್ಯುಎಲ್ ಸೊನ್ನೆಗೆ ಇಳಿಯುವುದಿಲ್ಲ, ಹಗಲು ರಾತ್ರಿ ಓಡುತ್ತದೆ, ಬಿಲ್ಲಿನ ಮುಖ್ಯ ಪಾಲು ಅದೇ. ದಿನಕ್ಕೊಮ್ಮೆ ಬದಲಾಗುವ ದರಪಟ್ಟಿಗೆ ಇಷ್ಟೆಲ್ಲ ಬೇಕೇ ಎಂದು ಒಮ್ಮೆ ಯೋಚಿಸಿ. ಗೂಗಲ್‌ನದೇ ಸರಳ ಡೇಟಾಬೇಸ್ ಫೈರ್‌ಸ್ಟೋರ್ ಸಾಕಾಗಬಹುದು. ದರವನ್ನು ಒಂದು ಜೇಸನ್ ಎಂಬ ಪಠ್ಯ ಫೈಲಾಗಿ ಬರೆದು ಸಿಡಿಎನ್ (ಫೈಲಿನ ಪ್ರತಿಗಳನ್ನು ಹಲವು ಊರಿನಿಂದ ಹಂಚುವ ಜಾಲ) ಮೇಲಿಟ್ಟರೂ ಜಿಲ್ಲೆಯೆಲ್ಲ ಓದಬಹುದು, ಆಗ ಸರ್ವರಿನ ಪ್ರಶ್ನೆಯೇ ಏಳುವುದಿಲ್ಲ. ಹೊರಹೋಗುವ ಐಪಿ ಸ್ಥಿರವಲ್ಲ ಎಂಬುದನ್ನೂ ನೆನಪಿಡಿ. ಬ್ಯಾಂಕು ಸ್ಥಿರ ವಿಳಾಸ ಕೇಳಿದರೆ ಎಲ್ಲವನ್ನೂ ಒಂದೇ ವಿಳಾಸದಿಂದ ಹೊರಕಳಿಸುವ ಕ್ಲೌಡ್ ನ್ಯಾಟ್ ಸೇರಿಸಬೇಕು, ಅದಕ್ಕೆ ಬೇರೆ ಬಾಡಿಗೆ.

ರೆಂಡರ್, ರೈಲ್ವೇ, ಹೆರೋಕು

ಕಲಿಯುವವರಿಗೆ, ಗ್ರಾಹಕರಿಗೆ ಮಾದರಿ ತೋರಿಸುವವರಿಗೆ ರೆಂಡರ್ ತುಂಬ ಒಳ್ಳೆಯದು. ಗಿಟ್ ಜೋಡಿಸಿದರೆ ಹತ್ತು ನಿಮಿಷದಲ್ಲಿ ಲಿಂಕ್ ಕೈಯಲ್ಲಿರುತ್ತದೆ. ಆದರೆ ಉಚಿತ ಸೇವೆ 15 ನಿಮಿಷ ಯಾರೂ ಬಾರದಿದ್ದರೆ ಮಲಗುತ್ತದೆ, ಏಳಲು ಒಂದು ನಿಮಿಷದ ಹತ್ತಿರ ಬೇಕು. ಉಚಿತ ಪೋಸ್ಟ್‌ಗ್ರೆಸ್‌ಗೆ 30 ದಿನದ ಆಯಸ್ಸು. ಇದರ ಮೇಲೆ ಯುಪಿಐ ಪಾವತಿ ನಡೆಸಬೇಡಿ: ಹಣ ಬಂತು ಎಂಬ ವೆಬ್‌ಹುಕ್ ಸಂದೇಶ ಬಂದಾಗ ಸರ್ವರ್ ಮಲಗಿದ್ದರೆ ಪಾವತಿ ಸಂಸ್ಥೆ ಅಷ್ಟು ಹೊತ್ತು ಕಾಯುವುದಿಲ್ಲ, ಅತಿಥಿಯ ಖಾತೆಯಿಂದ ಹಣ ಹೋಗಿರುತ್ತದೆ, ಕೋಣೆ ಖಾಲಿ ಎಂದೇ ಕಾಣುತ್ತಿರುತ್ತದೆ. ಗಂಭೀರ ಕೆಲಸಕ್ಕೆ 7 ಡಾಲರಿನ ಯೋಜನೆಯಿಂದ ಶುರುಮಾಡಿ, ಡೇಟಾಬೇಸನ್ನೂ ಸಿಂಗಾಪುರದಲ್ಲೇ ಇಡಿ.

ಇವೆಲ್ಲದರಲ್ಲೂ, ಆ್ಯಪ್ ಪ್ಲಾಟ್‌ಫಾರ್ಮ್ ಮತ್ತು ಕ್ಲೌಡ್ ರನ್‌ನಲ್ಲೂ ಸಹ, ಸಾಮಾನ್ಯ ಹೊಂದಾಣಿಕೆಯಲ್ಲಿ ಡಿಸ್ಕ್ ತಾತ್ಕಾಲಿಕ. ಅಪ್‌ಲೋಡ್ ಮಾಡಿದ ಫೋಟೋ ಮುಂದಿನ ಡಿಪ್ಲಾಯ್‌ನಲ್ಲಿ ಮಾಯ. ಎಸ್‌ಕ್ಯುಎಲೈಟ್ ಡೇಟಾಬೇಸಿನ ಫೈಲ್ ಇಟ್ಟಿದ್ದರೆ ಅದೂ ಮಾಯ. ಬ್ಯಾಕಪ್ ಇಲ್ಲದಿದ್ದರೆ ತರುವ ದಾರಿಯೇ ಇಲ್ಲ.

ರೈಲ್ವೇ ಬಳಸಿದಷ್ಟಕ್ಕೆ ದುಡ್ಡು ತೆಗೆದುಕೊಳ್ಳುತ್ತದೆ, ಮೇಲ್ಮೈ ಅಂದವಾಗಿದೆ. ಖರ್ಚಿನ ಮಿತಿ ಹಾಕುವುದನ್ನು ಮರೆಯಬೇಡಿ. ಹೆರೋಕು 2022ರ ನವೆಂಬರ್ 28ಕ್ಕೆ ಉಚಿತ ಯೋಜನೆ ನಿಲ್ಲಿಸಿದ ಮೇಲೆ, ಹತ್ತಿರದ ರೀಜನ್ ಕೂಡ ಇಲ್ಲದ ನಮಗೆ ಅದನ್ನು ಆರಿಸಲು ಕಾರಣ ಉಳಿದಿಲ್ಲ.

ವರ್ಸೆಲ್ ಮತ್ತು ಕ್ಲೌಡ್‌ಫ್ಲೇರ್

ನೆಕ್ಸ್ಟ್ ಜೆಎಸ್ ಎಂಬ ವೆಬ್ ಸಲಕರಣೆ ಬಳಸುವವರಿಗೆ ವರ್ಸೆಲ್ ಅತ್ಯಂತ ನಯವಾದ ಅನುಭವ ಕೊಡುತ್ತದೆ. ಆದರೆ ಅದರ ಉಚಿತ ಹಾಬಿ ಯೋಜನೆ ವಾಣಿಜ್ಯೇತರ ಬಳಕೆಗೆ ಮಾತ್ರ ಎಂದು ನಿಯಮದಲ್ಲೇ ಬರೆದಿದೆ; ದುಡ್ಡು ತೆಗೆದುಕೊಳ್ಳುವ ಹೋಮ್‌ಸ್ಟೇ ಸೈಟನ್ನು ಅದರ ಮೇಲೆ ಇಡುವಂತಿಲ್ಲ. ಫಂಕ್ಷನ್‌ಗಳು, ಅಂದರೆ ಸರ್ವರಿನಲ್ಲಿ ಓಡುವ ಕೋಡ್, ತಾವಾಗಿ ವಾಷಿಂಗ್ಟನ್ ಡಿಸಿ ರೀಜನ್‌ನಲ್ಲಿ ಓಡುತ್ತವೆ. ಡೇಟಾಬೇಸ್ ಮುಂಬೈಯಲ್ಲಿದ್ದರೆ ಹೊಂದಾಣಿಕೆಗೆ ಹೋಗಿ ಮುಂಬೈಗೆ ಬದಲಾಯಿಸಲೇಬೇಕು. ಈ ಒಂದು ಬದಲಾವಣೆಯಿಂದ ಪುಟ ತೆರೆಯುವ ಹೊತ್ತು ಸೆಕೆಂಡುಗಟ್ಟಲೆ ಇಳಿಯುತ್ತದೆ. ಫಂಕ್ಷನ್‌ಗೆ ಕಳಿಸುವ ಡೇಟಾ 4.5 ಎಂಬಿ ಮೀರುವಂತಿಲ್ಲ. ಈಗಿನ ಫೋನಿನ ಒಂದು ಫೋಟೋವೇ ಅಷ್ಟಿರುತ್ತದೆ, ಆದ್ದರಿಂದ ಫೋಟೋವನ್ನು ಸಹಿ ಮಾಡಿದ (ಸ್ವಲ್ಪ ಹೊತ್ತು ಮಾತ್ರ ನಡೆಯುವ) ಕೊಂಡಿಯ ಮೂಲಕ ಫೋನಿನಿಂದ ನೇರ ಸ್ಟೋರೇಜಿಗೆ ಕಳಿಸಬೇಕು.

ಕ್ಲೌಡ್‌ಫ್ಲೇರ್ ವರ್ಕರ್ಸ್ ದಿನಕ್ಕೆ 1 ಲಕ್ಷ ಕೋರಿಕೆ ಉಚಿತವಾಗಿ ಕೊಡುತ್ತದೆ, ಪ್ರತಿ ಕೋರಿಕೆಗೆ 10 ಮಿಲಿಸೆಕೆಂಡ್ ಸಿಪಿಯು. ದರಪಟ್ಟಿ, ಬಸ್ ವೇಳೆ, ಯಕ್ಷಗಾನ ಮೇಳಗಳ ತಿರುಗಾಟದ ಪಟ್ಟಿಯಂಥ ಓದುವ ಕೆಲಸಕ್ಕೆ ಬೇಕಾದಷ್ಟಾಯಿತು. ಪೂರ್ಣ ನೋಡ್ ಅಲ್ಲ, ಎಲ್ಲ ಲೈಬ್ರರಿಯೂ ಓಡುವುದಿಲ್ಲ. ಅವರ ಆರ್2 ಸ್ಟೋರೇಜ್ ಮಾತ್ರ ಯಾರು ಯಾವ ಕ್ಲೌಡ್ ಬಳಸಿದರೂ ಜೊತೆಗಿಟ್ಟುಕೊಳ್ಳಬೇಕಾದದ್ದು: 10 ಜಿಬಿ ಉಚಿತ, ಹೊರಹೋಗುವ ಡೇಟಾಕ್ಕೆ ಶುಲ್ಕವೇ ಇಲ್ಲ.

ಎಡಬ್ಲ್ಯುಎಸ್ ಮತ್ತು ಹೊರಹೋಗುವ ಡೇಟಾದ ಬಿಲ್ಲು

ಕೆಲಸ ದೊಡ್ಡದಾದಾಗ, ತಂಡ ಬೆಳೆದಾಗ ಎಡಬ್ಲ್ಯುಎಸ್‌ನಲ್ಲಿ ಇಲ್ಲದ್ದೇ ಇಲ್ಲ. ಸಣ್ಣ ಆ್ಯಪಿಗೆ ಅದರ ಬಿಲ್ಲು ಓದುವುದೇ ಒಂದು ವಿದ್ಯೆ. ಮುಂಬೈಯಿಂದ ಇಂಟರ್‌ನೆಟ್ಟಿಗೆ ಹೋಗುವ ಡೇಟಾ ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ಜಿಬಿಗೆ ಸುಮಾರು 11 ಸೆಂಟ್. ಹೋಮ್‌ಸ್ಟೇ ಪುಟದಲ್ಲಿ 4 ಎಂಬಿಯ 10 ಫೋಟೋ, ತಿಂಗಳಿಗೆ 10,000 ಭೇಟಿ ಎಂದಿಟ್ಟುಕೊಳ್ಳಿ. ಅದು 400 ಜಿಬಿ, ಬಿಲ್ಲು ಸುಮಾರು 33 ಡಾಲರ್. ಅದೇ ಫೋಟೋಗಳನ್ನು ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ತಿರುಗಿಸಿ 200 ಕೆಬಿಗೆ ಇಳಿಸಿದರೆ 20 ಜಿಬಿ, ಬಿಲ್ಲು ಸೊನ್ನೆ. ಯಾಣದ ನೆಟ್‌ವರ್ಕಿನಲ್ಲಿ 40 ಎಂಬಿ ಪುಟ ಹೇಗೂ ತೆರೆಯುವುದಿಲ್ಲ, ಹಾಗಾಗಿ ಇದು ಹಣದ ಮಾತು ಮಾತ್ರವಲ್ಲ.

ಯಕ್ಷಗಾನದ ಆಟವನ್ನು ಸ್ವಂತ ಸರ್ವರಿನಿಂದ ನೇರಪ್ರಸಾರ ಮಾಡುವ ಆಸೆ ಕೆಲವರಿಗಿರುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ವಿಡಿಯೋ ಎಂದರೆ ತಾಸಿಗೆ 900 ಎಂಬಿ. ಬೆಳಗಿನವರೆಗೆ 8 ತಾಸು, 500 ಜನ ಪೂರ್ತಿ ನೋಡಿದರೆ 3600 ಜಿಬಿ. ಮೇಲಿನ ದರದಲ್ಲಿ ಒಂದೇ ರಾತ್ರಿಗೆ 380 ಡಾಲರ್ ಮೀರುತ್ತದೆ. ಯೂಟ್ಯೂಬ್ ಲೈವ್‌ಗೆ ಕಳಿಸಿ, ಸೈಟಿನಲ್ಲಿ ಅದರ ಚೌಕಟ್ಟು ಕೂರಿಸಿ.

ಗಮನಕ್ಕೆ ಬಾರದೆ ಬಿಲ್ಲು ಏರಿಸುವ ಇನ್ನೂ ಕೆಲವಿವೆ. 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ತಾಸಿಗೆ ಅರ್ಧ ಸೆಂಟ್, ತಿಂಗಳಿಗೆ 3.65 ಡಾಲರ್. ಪಾಠದ ವಿಡಿಯೋ ನೋಡಿ ಕಟ್ಟಿದ ಖಾಸಗಿ ಜಾಲದಲ್ಲಿ ಒಂದು ನ್ಯಾಟ್ ಗೇಟ್‌ವೇ ಇರುತ್ತದೆ, ಅದು ಸುಮ್ಮನೆ ನಿಂತಿದ್ದರೂ ಸಣ್ಣ ಸರ್ವರಿಗಿಂತ ದುಬಾರಿ. ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಎಡಬ್ಲ್ಯುಎಸ್‌ನ ಡೇಟಾಬೇಸ್ ಸೇವೆ ಆರ್‌ಡಿಎಸ್ ನಿಲ್ಲಿಸಿಡೋಣ ಎಂದರೆ ಅದು 7 ದಿನದ ಮೇಲೆ ತಾನಾಗಿ ಏಳುತ್ತದೆ. ಎರಡು ತಿಂಗಳ ಬಿಡುವಿಗೆ ಸ್ನ್ಯಾಪ್‌ಶಾಟ್ (ಪೂರ್ತಿ ನಕಲು) ತೆಗೆದು ಡೇಟಾಬೇಸನ್ನೇ ಅಳಿಸಿ, ಆಗಸ್ಟಿನಲ್ಲಿ ಅದರಿಂದ ಮತ್ತೆ ಕಟ್ಟುವುದು ಸರಿಯಾದ ಕ್ರಮ. ಟಿ3 ಮೈಕ್ರೋ ಯಂತ್ರ ಪೂರ್ತಿ ವೇಗದಲ್ಲಿ ಓಡುವುದು ಕ್ರೆಡಿಟ್ ಇರುವವರೆಗೆ ಮಾತ್ರ, ತಾಸಿಗೆ ಸಿಗುವುದು 12 ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ ಒಂದು ಸಿಪಿಯು ಒಂದು ನಿಮಿಷ. ಅನ್‌ಲಿಮಿಟೆಡ್ ಎಂಬ ಹೊಂದಾಣಿಕೆ ತಾನಾಗಿ ಹಚ್ಚಿರುವುದರಿಂದ ಕ್ರೆಡಿಟ್ ಮುಗಿದ ಮೇಲೂ ಓಡುತ್ತದೆ, ಹೆಚ್ಚಿನದಕ್ಕೆ ದುಡ್ಡು ಬೀಳುತ್ತದೆ. ಮುಖ್ಯವಾಗಿ, ಬಜೆಟ್ ಎಚ್ಚರಿಕೆ ಎಂಬುದು ಮೇಲ್ ಕಳಿಸುತ್ತದೆ ಅಷ್ಟೇ, ಯಂತ್ರ ನಿಲ್ಲಿಸುವುದಿಲ್ಲ. ಖಾತೆಯ ರಹಸ್ಯ ಕೀಲಿಯನ್ನು ಗಿಟ್‌ಹಬ್‌ಗೆ ತಪ್ಪಿ ಹಾಕಿದರೆ ಯಾರೋ ನಿಮ್ಮ ಖಾತೆಯಲ್ಲಿ ಕ್ರಿಪ್ಟೋ ಗಣಿಗಾರಿಕೆ ನಡೆಸುವುದು ಬೆಳಗಾಗುವುದರೊಳಗೆ ಆಗಬಹುದು. ರೂಟ್ (ಎಲ್ಲ ಅಧಿಕಾರವಿರುವ) ಖಾತೆಗೆ ಎರಡನೇ ಹಂತದ ದೃಢೀಕರಣ ಹಚ್ಚದೆ ಒಂದು ಯಂತ್ರವನ್ನೂ ಎಬ್ಬಿಸಬೇಡಿ.

ಈ ಗೋಜಲಿಲ್ಲದೆ ಎಡಬ್ಲ್ಯುಎಸ್ ಬೇಕೆಂದರೆ ಲೈಟ್‌ಸೇಲ್ ಇದೆ. ನಿಗದಿತ ಬಾಡಿಗೆ, ಮುಂಬೈಯಲ್ಲೂ ಸಿಗುತ್ತದೆ. ಆದರೆ ಮುಂಬೈಯಲ್ಲಿ ಡೇಟಾ ಮಿತಿ ಬೇರೆ ರೀಜನ್‌ಗಳ ಅರ್ಧ ಎಂಬುದು ಸಣ್ಣ ಅಕ್ಷರದಲ್ಲಿದೆ. ಒರಾಕಲ್‌ನ ಸದಾ ಉಚಿತ ಆರ್ಮ್ ಯಂತ್ರ ಮುಂಬೈ, ಹೈದರಾಬಾದ್ ಎರಡರಲ್ಲೂ ಇದೆ, ಸಿಕ್ಕರೆ ಒಳ್ಳೆಯದೇ. ಜಾಗವಿಲ್ಲ ಎಂಬ ಉತ್ತರ ಆಗಾಗ ಬರುತ್ತದೆ, ಮೂಲ ರೀಜನ್ ಆಮೇಲೆ ಬದಲಾಯಿಸಲಾಗದು, ಏಳು ದಿನ ಬಳಕೆ ಬಹಳ ಕಡಿಮೆಯಿದ್ದರೆ ಯಂತ್ರವನ್ನು ವಾಪಸ್ ಪಡೆಯುವ ಹಕ್ಕು ಅವರಿಗಿದೆ. ಪ್ರಯೋಗಕ್ಕೆ ಇರಲಿ, ಸಂಘದ ಲೆಕ್ಕಕ್ಕೆ ಬೇಡ.

ಕಾರ್ಡ್, ತೆರಿಗೆ, ಪಾಸ್‌ಪೋರ್ಟ್

ಬಿಲ್ಲಿಗೆ ಶೇ 18 ಜಿಎಸ್‌ಟಿ ಸೇರುತ್ತದೆ. 12 ಡಾಲರ್ 14.16 ಆಗುತ್ತದೆ, ಮೇಲೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ. ಎಡಬ್ಲ್ಯುಎಸ್‌ನ ಭಾರತೀಯ ಸಂಸ್ಥೆ ರೂಪಾಯಿಯಲ್ಲೇ ಬಿಲ್ಲು ಕೊಡುತ್ತದೆ, ಲೆಕ್ಕಪರಿಶೋಧನೆ ಇರುವ ಸಂಘಗಳಿಗೆ ಇದು ಅನುಕೂಲ. ಜಿಎಸ್‌ಟಿ ನೋಂದಣಿ ಇದ್ದರೆ ಸಂಖ್ಯೆಯನ್ನು ಖಾತೆ ತೆರೆದ ದಿನವೇ ತುಂಬಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ತಿಂಗಳ ಕಂತು ತಾನಾಗಿ ಕಡಿತವಾಗಲು ಇ-ಮ್ಯಾಂಡೇಟ್, ಅಂದರೆ ಮುಂಗಡ ಒಪ್ಪಿಗೆ, ಬೇಕು. ಕಡಿತ ಸೋತ ಮೇಲ್ ಯಾರೂ ತೆರೆಯದ ಖಾತೆಗೆ ಹೋದರೆ ಮೊದಲು ಸರ್ವರ್ ನಿಲ್ಲುತ್ತದೆ, ಬಾಕಿ ಬೆಳೆದರೆ ಅಳಿಸಿಯೂ ಹೋಗುತ್ತದೆ. ಬಿಲ್ಲಿನ ಮೇಲ್ ಇಬ್ಬರಿಗಾದರೂ ಹೋಗಲಿ.

ಗೋಕರ್ಣ, ಮುರ್ಡೇಶ್ವರದ ವಸತಿಗಳವರು ವಿದೇಶಿ ಅತಿಥಿ ಬಂದ 24 ತಾಸಿನೊಳಗೆ ಸರ್ಕಾರಕ್ಕೆ ಅವರ ವಿವರದ ಫಾರ್ಮ್ ತುಂಬಬೇಕು, ಅದಕ್ಕಾಗಿ ಪಾಸ್‌ಪೋರ್ಟ್ ಪುಟದ ಚಿತ್ರ ಆ್ಯಪಿನಲ್ಲಿ ಉಳಿಯುತ್ತದೆ. ಕೋಣೆಯ ಫೋಟೋ ಇಡುವ ಸಾರ್ವಜನಿಕ ಬಕೆಟ್ಟಿನಲ್ಲಿ (ಕ್ಲೌಡಿನ ಫೈಲ್ ಕಣಜದಲ್ಲಿ) ಅದನ್ನು ಎಂದೂ ಇಡಬೇಡಿ. ಬೇರೆ ಖಾಸಗಿ ಬಕೆಟ್, ಐದು ನಿಮಿಷದಲ್ಲಿ ಸಾಯುವ ಸಹಿ ಮಾಡಿದ ಕೊಂಡಿ, ನಿಗದಿತ ದಿನದ ಮೇಲೆ ತಾನಾಗಿ ಅಳಿಯುವ ನಿಯಮ, ಮೂರೂ ಇರಲಿ.

ಯಾವ ಕ್ಲೌಡ್ ಆದರೂ ಸರ್ವರಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ವೇಳೆಯಲ್ಲಿ, ಇರುತ್ತದೆ. ಸಂಜೆ 5ರ ಕೆಲಸಕ್ಕೆ ಕ್ರಾನ್ ಎಂಬ ಕೆಲಸದ ವೇಳಾಪಟ್ಟಿಯಲ್ಲಿ 11:30 ಎಂದು ಬರೆಯಬೇಕು. ಬಂದರಿಗೆ ಬೆಳಗಿನ ಜಾವ 4ಕ್ಕೆ ಬಂದ ದೋಣಿಯ ಲೆಕ್ಕ ಯುಟಿಸಿಯಲ್ಲಿ ಹಿಂದಿನ ದಿನದ 22:30, ದಿನದ ಒಟ್ಟು ಮೊತ್ತ ತಪ್ಪಿ ಹೋಗುತ್ತದೆ. ವೇಳೆಯನ್ನು ಯುಟಿಸಿಯಲ್ಲೇ ಉಳಿಸಿ, ದಿನದ ಗುಂಪು ಮಾಡುವಾಗ ಕ್ವೆರಿಯಲ್ಲಿ ಭಾರತೀಯ ವೇಳೆಗೆ ತಿರುಗಿಸಿ. ದೇವಿಮನೆ, ಅರಬೈಲ್ ಘಾಟಿನ ತಿರುವುಗಳಲ್ಲಿ ಸಿಗ್ನಲ್ ಬಂದುಹೋಗುವಾಗ ಫೋನು ಅದೇ ಬುಕಿಂಗನ್ನು ಎರಡು ಸಲ ಕಳಿಸುತ್ತದೆ. ಪ್ರತಿ ಬುಕಿಂಗಿಗೆ ಫೋನಿನಲ್ಲೇ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಿ ಡೇಟಾಬೇಸಿನಲ್ಲಿ ಅದನ್ನು ಯೂನಿಕ್ ಮಾಡಿದರೆ ಎರಡನೆಯದು ತಾನಾಗಿ ಬೀಳುತ್ತದೆ.

ಒಂದು ಕ್ಲೌಡಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹಿಂದಿನ ದಿನವೇ ಡಿಎನ್‌ಎಸ್ ಟಿಟಿಎಲ್ ಅನ್ನು (ಸೈಟಿನ ಹೆಸರಿನ ಹಿಂದಿನ ವಿಳಾಸವನ್ನು ಇತರ ಯಂತ್ರಗಳು ನೆನಪಿಡುವ ಅವಧಿಯನ್ನು) 300 ಸೆಕೆಂಡಿಗೆ ಇಳಿಸಿ. ಹೊಸ ಕಡೆ ಪೋಸ್ಟ್‌ಗ್ರೆಸ್ ಆವೃತ್ತಿ ಹಳೆಯದಕ್ಕೆ ಸಮ ಅಥವಾ ಹೆಚ್ಚಿನದಿರಲಿ. ಒಮ್ಮೆ ಪಿಜಿ ಡಂಪ್ (ಡೇಟಾಬೇಸಿನ ಪೂರ್ತಿ ಪ್ರತಿ) ತೆಗೆದು ತುಂಬಿಸಿ, ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ. ಬ್ಯಾಕಪ್ಪಿನಿಂದ ಮರಳಿ ಕಟ್ಟಲಾಗುತ್ತದೆಯೇ ಎಂಬ ಪರೀಕ್ಷೆಯೂ ಅದೇ ಆಯಿತು. ನಿಜವಾದ ದಿನ ಹಳೆಯ ಆ್ಯಪನ್ನು ಓದಲು ಮಾತ್ರ ಎಂದು ಮಾಡಿ, ಡಂಪ್ ತೆಗೆದು, ತುಂಬಿಸಿ, ಟೇಬಲ್ಲುಗಳ ಸಾಲು ಎಣಿಸಿ ನೋಡಿ, ಆಮೇಲೆ ಡಿಎನ್‌ಎಸ್ ತಿರುಗಿಸಿ. ವೆಬ್‌ಹುಕ್ ವಿಳಾಸ, ಬ್ಯಾಂಕಿಗೆ ಕೊಟ್ಟ ಐಪಿ ಬದಲಾಯಿಸಿ. ಹಳೆಯ ಯಂತ್ರವನ್ನು ಇನ್ನೊಂದು ವಾರ ಹಾಗೇ ಬಿಡಿ. ಹೋಮ್‌ಸ್ಟೇ ಆ್ಯಪಿಗೆ ಇದಕ್ಕೆ ಜುಲೈ ಸರಿ, ದೋಣಿಯ ಲೆಕ್ಕಕ್ಕೆ ನಿಷೇಧದ ದಿನಗಳು, ಅಡಿಕೆ ದರದ್ದಕ್ಕೆ ಪೇಟೆ ರಜೆಯಿರುವ ಭಾನುವಾರ.